ಮನೆ ಇಂಟರ್ನೆಟ್‌ಗೆ ಎಷ್ಟು ಸ್ಪೀಡ್ ಬೇಕು? ಪ್ಲಾನ್ ತೆಗೆದುಕೊಳ್ಳುವ ಮುಂಚೆ ಈ ಲೆಕ್ಕ ಹಾಕಿ

ಹೊಸ ಕನೆಕ್ಷನ್ ಹಾಕಿಸುವವರು ಮೊದಲು ಕೇಳುವುದೇ ಇದು: 100 ಸಾಕಾ, 300 ಹಾಕಿಸಬೇಕಾ? ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಾಲ್ಕೈದು ಜನ ಇರುವ ಮನೆಗೆ 50ರಿಂದ 100 ಎಂಬಿಪಿಎಸ್ ಧಾರಾಳ. ಒಬ್ಬರೋ ಇಬ್ಬರೋ ಇದ್ದರೆ 30–40ರಲ್ಲೇ ಆರಾಮಾಗಿ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಬೇಕಾಗುವ ಮನೆಗಳೂ ಇವೆ, ಆದರೆ ನಿಮ್ಮದು ಅಂಥ ಮನೆಯಾ ಅಂತ ಸುಮ್ನೆ ಊಹೆ ಮಾಡಬೇಡಿ. ಒಂದು ಹಾಳೆ ತೆಗೆದುಕೊಂಡು ಕೂತರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಲೆಕ್ಕಕ್ಕೆ ಮುಂಚೆ ಒಂದು ವಿಷಯ ತಿಳಿದಿರಲಿ. ಪ್ಲಾನ್‌ನಲ್ಲಿ ಬರೆಯುವ ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಅಂತ. ಫೈಲ್ ಡೌನ್‌ಲೋಡ್ ಆಗುವಾಗ ಕಂಪ್ಯೂಟರ್ ತೋರಿಸುವುದು ಸಾಮಾನ್ಯವಾಗಿ ಮೆಗಾಬೈಟ್. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 100 ಎಂಬಿಪಿಎಸ್ ಲೈನ್‌ನಲ್ಲಿ ಸೆಕೆಂಡಿಗೆ 12 ಎಂಬಿ ತೋರಿಸಿದರೆ ಪೂರ್ತಿ ಸ್ಪೀಡ್ ಬರ್ತಾ ಇದೆ ಅಂತಲೇ ಅರ್ಥ. ಕಸ್ಟಮರ್ ಕೇರ್‌ಗೆ ಫೋನ್ ಮಾಡುವ ಮುಂಚೆ ಈ ಭಾಗಾಕಾರ ಒಂದು ಸಲ ಮಾಡಿ ನೋಡಿ.

ಈಗ ಹಾಳೆ ತೆಗೆಯಿರಿ. ಮನೆಯಲ್ಲಿ ಎಷ್ಟು ಫೋನ್ ಇವೆ, ಎಷ್ಟು ಲ್ಯಾಪ್‌ಟಾಪ್ ಇವೆ ಅನ್ನುವುದು ಬೇಡ. ಜೇಬಲ್ಲಿ ಸುಮ್ಮನೆ ಕೂತ ಫೋನ್ ಲೆಕ್ಕಕ್ಕೇ ಬರುವುದಿಲ್ಲ. ಎಲ್ಲರೂ ಮನೆಯಲ್ಲಿರುವ ಹೊತ್ತಿನಲ್ಲಿ, ಅಂದರೆ ರಾತ್ರಿ 8ರಿಂದ 10ರ ನಡುವೆ, ಏನೇನು ಒಟ್ಟಿಗೆ ಓಡುತ್ತದೆ ಅನ್ನುವುದಷ್ಟನ್ನೇ ಬರೆಯಿರಿ. ನೆಟ್‌ಫ್ಲಿಕ್ಸ್ ಕಂಪನಿಯೇ ಹೇಳುವಂತೆ ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15 ಎಂಬಿಪಿಎಸ್ ಸಾಕು. ಯೂಟ್ಯೂಬ್ 4ಕೆಗೆ 20 ಇಟ್ಟುಕೊಳ್ಳಿ. ಝೂಮ್ ವಿಡಿಯೋ ಕಾಲ್ ಒಳ್ಳೇ ಕ್ವಾಲಿಟಿಯಲ್ಲಿ ನಡೆದರೂ 4 ದಾಟುವುದಿಲ್ಲ.

ಒಂದು ಮನೆ ತೆಗೆದುಕೊಳ್ಳೋಣ. ಹಾಲ್‌ನಲ್ಲಿ ಅಪ್ಪ 4ಕೆ ಟಿವಿಯಲ್ಲಿ ಕ್ರಿಕೆಟ್ ಮ್ಯಾಚ್ ಹಾಕಿದ್ದಾರೆ, 20. ರೂಮಿನಲ್ಲಿ ಅಮ್ಮ ಟ್ಯಾಬ್‌ನಲ್ಲಿ ಸೀರಿಯಲ್ ನೋಡುತ್ತಿದ್ದಾರೆ, 5. ಮಗಳಿಗೆ ಅಮೆರಿಕದ ಟೀಮ್ ಜೊತೆ ಮೀಟಿಂಗ್, 4. ಇನ್ನಿಬ್ಬರು ಫೋನ್‌ನಲ್ಲಿ ರೀಲ್ಸ್ ತಳ್ಳುತ್ತಾ ಕೂತಿದ್ದಾರೆ, ಇಬ್ಬರದೂ ಸೇರಿ 10. ಒಟ್ಟು 39. ಫೋನ್ ಅಪ್‌ಡೇಟ್, ಫೋಟೋ ಬ್ಯಾಕಪ್ ಅಂತ ಹಿಂದೆ ನಡೆಯುವ ಕೆಲಸಗಳಿಗೆ ಇನ್ನೊಂದು ಅರ್ಧ ಸೇರಿಸಿ, ಅಂದರೆ 60ರ ಆಸುಪಾಸು. ಮನೆ ತುಂಬ ಜನ, ಎಲ್ಲರ ಕೈಯಲ್ಲೂ ಒಂದೊಂದು ಸ್ಕ್ರೀನ್, ಆದರೂ ಬೇಕಾದದ್ದು ಇಷ್ಟೇ. ಟಿವಿ 4ಕೆ ಅಲ್ಲ, ಸಾದಾ ಎಚ್‌ಡಿ ಅಂದರೆ ಲೆಕ್ಕ 24ಕ್ಕೆ ಇಳಿಯುತ್ತದೆ. 40ರ ಪ್ಲಾನ್ ಸಾಕು.

ದೊಡ್ಡ ಸ್ಪೀಡ್ ನಿಜವಾಗಿ ಕೈಗೆ ಸಿಗುವುದು ದೊಡ್ಡ ಫೈಲ್ ಇಳಿಸುವಾಗ. ಈಗಿನ ಕೆಲವು ಗೇಮ್‌ಗಳು 100 ಜಿಬಿ ಇರುತ್ತವೆ. ಅದು 40 ಎಂಬಿಪಿಎಸ್‌ನಲ್ಲಿ ಇಳಿಯಲು ಐದೂವರೆ ಗಂಟೆ ಬೇಕು, 100ರಲ್ಲಿ ಎರಡೂಕಾಲು ಗಂಟೆ, 300ರಲ್ಲಿ ಮುಕ್ಕಾಲು ಗಂಟೆ. ವಾರವಾರ ಇಂಥದ್ದು ಇಳಿಸುವವರು ಮನೆಯಲ್ಲಿದ್ದರೆ, ಇಲ್ಲವೇ ವಿಡಿಯೋ ಎಡಿಟಿಂಗ್ ನಿಮ್ಮ ಹೊಟ್ಟೆಪಾಡಾಗಿದ್ದರೆ, 200–300ಕ್ಕೆ ಹೋಗಿ, ದುಡ್ಡು ದಂಡ ಅಲ್ಲ. ಗೇಮ್ ಆಡುವುದಕ್ಕೆ ಮಾತ್ರ ಸ್ಪೀಡ್ ಬೇಡ, ಅದಕ್ಕೆ ಬೇಕಾದದ್ದು ಕಡಿಮೆ ಪಿಂಗ್, ಅಂದರೆ ಸಿಗ್ನಲ್ ಸರ್ವರ್‌ವರೆಗೆ ಹೋಗಿ ಬರಲು ಹಿಡಿಯುವ ಸಮಯ ಕಡಿಮೆ ಇರಬೇಕು.

ಯಾರೂ ಕೇಳದ, ಆದರೆ ಮನೆಯಿಂದ ಕೆಲಸ ಮಾಡುವವರು ಕೇಳಲೇಬೇಕಾದ ವಿಷಯ ಅಪ್‌ಲೋಡ್. ಮೀಟಿಂಗ್‌ನಲ್ಲಿ ಅವರ ಮಾತೆಲ್ಲ ನಿಮಗೆ ಸರಿಯಾಗಿ ಕೇಳಿಸುತ್ತದೆ, ಆದರೆ ಆ ಕಡೆಯವರು "ನಿಮ್ಮ ವಾಯ್ಸ್ ಕಟ್ ಆಗ್ತಿದೆ" ಅನ್ನುತ್ತಾರೆ ಅಲ್ವಾ? ಆಗ ಮೊದಲು ಅನುಮಾನಪಡಬೇಕಾದ್ದು ಅಪ್‌ಲೋಡ್ ಮೇಲೆ. ಮನೆ ಮುಂದಿನ ಕ್ಲೌಡ್ ಕ್ಯಾಮೆರಾಗಳು, ಮದುವೆಯಿಂದ ಬಂದ ಮೇಲೆ ಒಟ್ಟಿಗೆ ಬ್ಯಾಕಪ್ ಆಗುವ ನೂರಾರು ಫೋಟೋ, ಎಲ್ಲವೂ ಹೊರಗೆ ಹೋಗುವುದು ಇದೇ ದಾರಿಯಲ್ಲಿ. ಫೈಬರ್ ಪ್ಲಾನ್‌ಗಳಲ್ಲಿ ಸಾಮಾನ್ಯವಾಗಿ ಎರಡೂ ಕಡೆ ಒಂದೇ ಸ್ಪೀಡ್ ಕೊಡುತ್ತಾರೆ. ಹಳೇ ಟೆಲಿಫೋನ್ ತಂತಿಯ ಲೈನ್‌ನಲ್ಲಿ ಅಪ್‌ಲೋಡ್ 1 ಎಂಬಿಪಿಎಸ್ ಬಂದರೆ ಹೆಚ್ಚು. ಮನೆ ಮೇಲೆ 5ಜಿ ಡಬ್ಬಿ ಕೂರಿಸಿ ಕೊಡುವ ವೈರ್‌ಲೆಸ್ ಕನೆಕ್ಷನ್‌ನಲ್ಲೂ ಅಪ್‌ಲೋಡ್ ಡೌನ್‌ಲೋಡ್‌ಗಿಂತ ಕಡಿಮೆಯೇ ಇರುತ್ತದೆ. "ಅಪ್‌ಲೋಡ್ ಎಷ್ಟು?" ಅಂತ ನೇರವಾಗಿ ಕೇಳಿ, 20 ಇದ್ದರೆ ನಿಶ್ಚಿಂತೆ.

ಇನ್ನೊಂದು ಪರೀಕ್ಷೆ ಇದೆ, ತುಂಬ ಉಪಯೋಗದ್ದು. ಫಾಸ್ಟ್ ಡಾಟ್ ಕಾಮ್ ತೆರೆದು, ಟೆಸ್ಟ್ ಮುಗಿದ ಮೇಲೆ ಹೆಚ್ಚಿನ ಮಾಹಿತಿ ತೋರಿಸುವ ಬಟನ್ ಒತ್ತಿ. ಲೇಟೆನ್ಸಿ (ಪಿಂಗ್‌ನದ್ದೇ ಇನ್ನೊಂದು ಹೆಸರು, ಮಿಲಿಸೆಕೆಂಡ್ ಲೆಕ್ಕದಲ್ಲಿ) ಅಂತ ಎರಡು ಅಂಕಿ ಬರುತ್ತವೆ, ಲೈನ್ ಖಾಲಿ ಇದ್ದಾಗಿನದ್ದು ಒಂದು, ಪೂರ್ತಿ ತುಂಬಿದಾಗಿನದ್ದು ಇನ್ನೊಂದು. ಖಾಲಿ ಇದ್ದಾಗ 10, ತುಂಬಿದಾಗ 40–50 ಅಂದರೆ ಒಳ್ಳೇ ಲೈನ್. ಅದೇ 300–400ಕ್ಕೆ ಜಿಗಿದರೆ, ಮನೆಯಲ್ಲಿ ಯಾರೋ ಒಬ್ಬರು ಡೌನ್‌ಲೋಡ್ ಹಾಕಿದ ತಕ್ಷಣ ಇನ್ನೊಬ್ಬರ ಕಾಲ್ ಮುಗ್ಗರಿಸುತ್ತದೆ. ಇದು ಹೆಚ್ಚಾಗಿ ರೂಟರ್‌ನ ಕೊರತೆ, ದೊಡ್ಡ ಪ್ಲಾನ್ ಹಾಕಿದರೂ ಪೂರ್ತಿ ಹೋಗುವುದಿಲ್ಲ.

ರೂಟರ್ ವಿಷಯಕ್ಕೇ ಬರೋಣ, ಯಾಕೆಂದರೆ ಬಹಳಷ್ಟು ಮನೆಗಳ ತೊಂದರೆ ಇಲ್ಲೇ ಇರುತ್ತದೆ. ಸಂಪಿನ ತುಂಬ ನೀರಿದ್ದರೂ ನಲ್ಲಿಯ ಪೈಪ್ ಅರ್ಧ ಇಂಚಿನದ್ದಾದರೆ ಬಕೆಟ್ ನಿಧಾನವಾಗಿಯೇ ತುಂಬುತ್ತದೆ, ವೈಫೈ ಕಥೆಯೂ ಅಷ್ಟೇ. ಲೈನ್ ಹಾಕಲು ಬಂದ ಹುಡುಗ ವೈರ್ ಉಳಿಸಲು ಬಾಗಿಲ ಪಕ್ಕದಲ್ಲೋ ಟಿವಿ ಹಿಂದೆಯೋ ಡಬ್ಬಿ ಕೂರಿಸಿ ಹೋಗುತ್ತಾನೆ. ಅವನು ಇರುವಾಗಲೇ ಹೇಳಿ ಮನೆಯ ಮಧ್ಯಕ್ಕೆ, ಎದೆ ಎತ್ತರಕ್ಕೆ ಹಾಕಿಸಿಕೊಳ್ಳಿ. ರೂಟರ್ ಸಾಮಾನ್ಯವಾಗಿ ಎರಡು ಬ್ಯಾಂಡ್‌ನಲ್ಲಿ ವೈಫೈ ಕೊಡುತ್ತದೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ ಆದರೆ ನಿಧಾನ, ಅಪಾರ್ಟ್‌ಮೆಂಟ್‌ನಲ್ಲಂತೂ ಅಕ್ಕಪಕ್ಕದವರ ವೈಫೈ ಎಲ್ಲ ಅದರಲ್ಲೇ ಗುದ್ದಾಡುತ್ತಿರುತ್ತದೆ. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಒಂದೆರಡು ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ಕರಾವಳಿಯ ಕೆಂಪುಕಲ್ಲಿನ ದಪ್ಪ ಗೋಡೆಯ ಮನೆಗಳಿಗೆ, ಡ್ಯೂಪ್ಲೆಕ್ಸ್‌ಗಳಿಗೆ, 300ರ ಪ್ಲಾನ್‌ಗಿಂತ 100ರ ಪ್ಲಾನ್ ಜೊತೆ ಲ್ಯಾನ್ ಕೇಬಲ್ ಎಳೆದು ಮಹಡಿಯಲ್ಲಿ ಇನ್ನೊಂದು ರೂಟರ್ ಇಡುವುದೇ ಎಷ್ಟೋ ಮೇಲು. ಟಿವಿಗೆ ಕೇಬಲ್ ಹಾಕುವವರು ಒಂದು ನೆನಪಿಡಿ, ಬಹಳಷ್ಟು ಸ್ಮಾರ್ಟ್ ಟಿವಿಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದ್ದೇ. ಲೈನ್ ಎಷ್ಟೇ ದೊಡ್ಡದಿದ್ದರೂ ಅಲ್ಲಿ 94–95ಕ್ಕೆ ನಿಲ್ಲುತ್ತದೆ. 4ಕೆಗೆ ಅದು ಬೇಕಾದಷ್ಟಾಯಿತು.

ದುಡ್ಡಿನ ಲೆಕ್ಕ. ಜಾಹೀರಾತಿನ ಬೆಲೆ ಮೇಲೆ 18% ಜಿಎಸ್‌ಟಿ ಸೇರಿಸಿಕೊಳ್ಳಿ, 699 ಅಂದರೆ ಕೊಡುವುದು 825, 999 ಅಂದರೆ 1,179. ಅನ್‌ಲಿಮಿಟೆಡ್ ಅಂತ ಬರೆದಿದ್ದರೂ ಬಹುತೇಕ ಪ್ಲಾನ್‌ಗಳಿಗೆ ತಿಂಗಳ ಮಿತಿ ಇರುತ್ತದೆ. 3,300 ಜಿಬಿ ಇದ್ದರೆ ಚಿಂತೆ ಬೇಡ, ಗಂಟೆಗೆ 7 ಜಿಬಿ ತಿನ್ನುವ 4ಕೆ ವಿಡಿಯೋವನ್ನು ದಿನಕ್ಕೆ 15 ಗಂಟೆ ನೋಡಿದರೂ ಮುಗಿಯುವುದಿಲ್ಲ. ಮಿತಿ 1,000 ಜಿಬಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ, ಅದು ಮುಗಿದ ಮೇಲೆ ಎಷ್ಟು ಸ್ಪೀಡ್ ಉಳಿಯುತ್ತದೆ ಅಂತ ಕೇಳಿ. ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಸರ್ಕಾರ 2023ರ ಜನವರಿಯಲ್ಲಿ ಇಟ್ಟ ಕನಿಷ್ಠ ಮಿತಿಯೇ 2 ಎಂಬಿಪಿಎಸ್, ಆ ಸ್ಪೀಡಿಗೆ ಇಳಿದರೆ ಇಡೀ ಮನೆಗೆ ಕಷ್ಟ.

ಕಂಪನಿ ಆರಿಸುವಾಗ ಜಾಹೀರಾತಿಗಿಂತ ಪಕ್ಕದ ಮನೆಯವರ ಮಾತು ನಂಬಿ. ನಿಮ್ಮ ಬೀದಿಯಲ್ಲಿ ಅದೇ ಲೈನ್ ಇರುವವರ ಹತ್ತಿರ ಎರಡೇ ವಿಷಯ ಕೇಳಿ: ರಾತ್ರಿ 9 ಗಂಟೆಗೆ ಸ್ಪೀಡ್ ಹೇಗಿರುತ್ತದೆ, ಮಳೆಗಾಲದಲ್ಲಿ ವೈರ್ ಕಟ್ ಆದರೆ ಸರಿಮಾಡಲು ಎಷ್ಟು ದಿನ ತೆಗೆದುಕೊಳ್ಳುತ್ತಾರೆ. ಕಂಬದಿಂದ ಮರಕ್ಕೆ, ಮರದಿಂದ ಮನೆಗೆ ಎಳೆದ ವೈರ್‌ಗೆ ಕೊಂಬೆ ಬಿದ್ದರೆ 300 ಆದರೇನು, 30 ಆದರೇನು. ಪ್ಲಾನ್‌ನಲ್ಲಿ ಉಳಿದ ದುಡ್ಡಿಗೆ ರೂಟರ್‌ಗೆ ಅಂತಲೇ ಬರುವ 12 ವೋಲ್ಟ್‌ನ ಪುಟ್ಟ ಯುಪಿಎಸ್ ತಂದಿಡಿ. ಕರೆಂಟ್ ಹೋದರೂ ಮೀಟಿಂಗ್ ನಿಲ್ಲುವುದಿಲ್ಲ.

ಒಂದು ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಡಿಸ್ಕೌಂಟ್ ಅಂತಾರೆ, ಮೊದಲ ಸಲಕ್ಕೆ ಬೇಡ. ತಿಂಗಳ ಪ್ಲಾನ್ ತೆಗೆದುಕೊಳ್ಳಿ, ಅದರಲ್ಲೂ ನಿಮ್ಮ ಲೆಕ್ಕಕ್ಕೆ ಹೊಂದುವ ಚಿಕ್ಕದ್ದನ್ನೇ. ಆ ತಿಂಗಳಲ್ಲಿ ವಿಡಿಯೋ ಸುತ್ತುತ್ತಾ ನಿಂತಾಗೆಲ್ಲ ರೂಟರ್ ಪಕ್ಕ ಹೋಗಿ 5 ಗಿಗಾಹರ್ಟ್ಸ್‌ನಲ್ಲಿ ಟೆಸ್ಟ್ ಮಾಡಿ. ಅಲ್ಲಿ ಸ್ಪೀಡ್ ಪೂರ್ತಿ ಬಂದರೆ ವೈಫೈ ಸರಿಮಾಡಿಸಿ, ಬೇರೆ ಯಾರೂ ಬಳಸದ ಹೊತ್ತಲ್ಲೂ ಬರದಿದ್ದರೆ ಕಂಪ್ಲೇಂಟ್ ಕೊಡಿ. ಮನೆಯವರೆಲ್ಲ ಒಟ್ಟಿಗೆ ಬಳಸುವಾಗ ಮಾತ್ರ ಸಾಲದೆ ಬಂದರೆ ಆಗ ಮೇಲಿನ ಪ್ಲಾನ್‌ಗೆ ಹೋಗಿ.