ಲ್ಯಾಪ್ ದಾಖಲೆಯ ಬೆನ್ನು ಹತ್ತುವ ಮುನ್ನ ಮಾಡಬೇಕಾದ ಕೆಲಸಗಳು

ಮಳೆಗಾಲ ಮುಗಿದು ರಸ್ತೆ ಒಣಗುತ್ತಿದ್ದಂತೆ ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯ ಕೆಲವು ಯುವಕರು ಘಾಟಿಯ ತಿರುವುಗಳನ್ನು ಎಷ್ಟು ನಿಮಿಷದಲ್ಲಿ ದಾಟಿದೆವೆಂದು ಮೊಬೈಲಿನಲ್ಲಿ ಅಳೆದುಕೊಳ್ಳುವುದುಂಟು. ವೇಗದ ಆಸೆಯನ್ನು ನಾನು ಹಳಿಯುವುದಿಲ್ಲ. ಆದರೆ ಅದನ್ನು ತೀರಿಸಿಕೊಳ್ಳುವುದಕ್ಕೆ ಒಂದು ಕ್ರಮವಿದೆ, ಆ ಕ್ರಮ ತಪ್ಪಿದರೆ ಜೀವಕ್ಕೇ ಸಂಚಕಾರ.

ಮೊದಲು ಜಾಗವನ್ನು ಬದಲಿಸಬೇಕು. ಆಗುಂಬೆ ಘಾಟಿಯ 14 ಹಿಮ್ಮುರಿ ತಿರುವುಗಳಲ್ಲಿ ಎದುರಿನಿಂದ ಬಸ್ಸು ಬರುತ್ತದೆ, ತಿರುವಿನಾಚೆ ಏನಿದೆಯೆಂದು ಕಾಣುವುದಿಲ್ಲ, ಜಾರಿದರೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾತ್ರವಲ್ಲ, ವೇಗದ ಪರೀಕ್ಷೆಯೂ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಅಪರಾಧ. ಮೊದಲ ಸಲಕ್ಕೇ 3 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅಥವಾ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ತರಬೇತಿ ಏರ್ಪಡಿಸುವ ದಿನ ನೋಡಿಕೊಂಡು ಹೋಗುವುದೇ ಸರಿ. ಸಾಮಾನ್ಯ ವಾಹನ ವಿಮೆ ರೇಸ್ ಮತ್ತು ವೇಗ ಪರೀಕ್ಷೆಗೆ ಅನ್ವಯಿಸುವುದಿಲ್ಲವೆಂಬುದನ್ನು ಹೊರಡುವ ಮೊದಲೇ ಮನೆಯವರಿಗೂ ತಿಳಿಸಿರಬೇಕು.

ಎರಡನೆಯದು, ಟ್ರ್ಯಾಕಿನ ಅಪಾಯವನ್ನು ಓದಿಕೊಳ್ಳುವುದು. ಇದನ್ನು ಕಲಿಯಲು ಜರ್ಮನಿಯ ಐಫೆಲ್ ಬೆಟ್ಟಗಳ ನಡುವೆ 1927ರಲ್ಲಿ ಆರಂಭವಾದ ನ್ಯೂರ್ಬುರ್ಗ್‌ರಿಂಗ್‌ನ ನಾರ್ಡ್‌ಶ್ಲೈಫೆ ಎಂಬ ರೇಸ್ ಟ್ರ್ಯಾಕಿಗಿಂತ ಒಳ್ಳೆಯ ಉದಾಹರಣೆಯಿಲ್ಲ. ಒಂದು ಸುತ್ತು, ಅಂದರೆ ಲ್ಯಾಪ್, ಸುಮಾರು 20.8 ಕಿ.ಮೀ. ಆದ್ದರಿಂದ ಒಂದು ತುದಿಯಲ್ಲಿ ಬಿಸಿಲಿದ್ದಾಗಲೇ ಇನ್ನೊಂದು ತುದಿಯಲ್ಲಿ ಮಳೆ ಸುರಿಯುತ್ತಿರಬಹುದು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅನೇಕ ಕಡೆ ಡಾಂಬರಿನ ಅಂಚಿಗೆ ಹತ್ತಿರದಲ್ಲೇ ತಡೆಬೇಲಿ ಇರುವುದರಿಂದ ಹತೋಟಿ ತಪ್ಪಿದ ವಾಹನಕ್ಕೆ ವೇಗ ಇಳಿಸಿಕೊಳ್ಳಲು ಜಾಗ ಸಿಗುವುದಿಲ್ಲ. 1976ರಲ್ಲಿ ಫಾರ್ಮುಲಾ ಒನ್ ಕಾರ್ ರೇಸಿನ ಚಾಲಕ ನಿಕಿ ಲೌಡಾ, ಸುರಕ್ಷತೆಯ ಕಾರಣಕ್ಕೆ ಇಲ್ಲಿನ ಜರ್ಮನ್ ಗ್ರ್ಯಾಂಡ್ ಪ್ರಿ ರೇಸನ್ನೇ ಬಹಿಷ್ಕರಿಸೋಣವೆಂದು ಸಹ ಚಾಲಕರನ್ನು ಕೇಳಿದ್ದರು, ಅದು ನಡೆಯಲಿಲ್ಲ. ಅದೇ ರೇಸಿನಲ್ಲಿ ಅವರ ಕಾರು ಅಪಘಾತಕ್ಕೀಡಾಗಿ ಹೊತ್ತಿಕೊಂಡಾಗ, ಅವರನ್ನು ಬೆಂಕಿಯಿಂದ ಎಳೆದವರು ಹಿಂದೆ ಬರುತ್ತಿದ್ದ ಬೇರೆ ಚಾಲಕರು. ಫಾರ್ಮುಲಾ ಒನ್ ನಾರ್ಡ್‌ಶ್ಲೈಫೆಗೆ ಮತ್ತೆ ಮರಳಲಿಲ್ಲ.

1983ರಲ್ಲಿ ಜರ್ಮನಿಯ ರೇಸ್ ಚಾಲಕ ಸ್ಟೆಫಾನ್ ಬೆಲ್ಲೋಫ್ ಇದೇ ನಾರ್ಡ್‌ಶ್ಲೈಫೆಯಲ್ಲಿ, ರೇಸಿನಲ್ಲಿ ಹೊರಡುವ ಸ್ಥಾನ ನಿರ್ಧರಿಸುವ ಅರ್ಹತಾ ಸುತ್ತಿನಲ್ಲಿ 6 ನಿಮಿಷ 11.13 ಸೆಕೆಂಡುಗಳ ದಾಖಲೆ ಬರೆದರು, ಅದು 35 ವರ್ಷ ಉಳಿಯಿತು. ಆ ದಾಖಲೆಯ ಬೆನ್ನಲ್ಲೇ ನಡೆದ ರೇಸಿನಲ್ಲಿ ಮುನ್ನಡೆಯಲ್ಲಿದ್ದಾಗ ಅದೇ ಟ್ರ್ಯಾಕಿನಲ್ಲಿ ಅವರ ಕಾರು ಅಪಘಾತಕ್ಕೀಡಾಯಿತು, ಅಂದು ಪಾರಾದರು. 1985ರಲ್ಲಿ ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ ಇನ್ನೊಬ್ಬರನ್ನು ಹಿಂದಿಕ್ಕುವ ಯತ್ನದಲ್ಲಿ ತೀರಿಕೊಂಡಾಗ ಅವರಿಗೆ 27 ವರ್ಷ. ತಪ್ಪಿಗೆಂದು ಉಳಿಸಿಕೊಂಡ ಅವಕಾಶವನ್ನೆಲ್ಲ ಖರ್ಚು ಮಾಡಿದಾಗಲೇ ದಾಖಲೆಯ ಸಮಯ ಬರುತ್ತದೆ. ತಪ್ಪನ್ನು ತಾಳಿಕೊಳ್ಳದ ಟ್ರ್ಯಾಕಿನಲ್ಲಿ ಹಾಗೆ ಖರ್ಚು ಮಾಡುವುದು ಅನುಭವಿಗಳಿಗೂ ದುಬಾರಿ. ಇಂದಿಗೂ ನಾರ್ಡ್‌ಶ್ಲೈಫೆಯಲ್ಲಿ ಸಾರ್ವಜನಿಕರಿಗೆ ಬಿಡುವ ದಿನಗಳಲ್ಲಿ ಲ್ಯಾಪ್ ಸಮಯ ಅಳೆಯುವುದನ್ನು ನಿಷೇಧಿಸಲಾಗಿದೆ.

ಮೂರನೆಯದು ವಾಹನ. ಟೈರು, ಹೆಲ್ಮೆಟ್ಟುಗಳ ಬಗ್ಗೆ ಎಲ್ಲರೂ ಕೇಳುತ್ತಾರೆ, ಬ್ರೇಕ್ ಆಯಿಲ್ ಬಗ್ಗೆ ಕೇಳುವವರು ಕಡಿಮೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ನಮ್ಮ ಮಲೆನಾಡಿನಲ್ಲಂತೂ ತೇವಕ್ಕೆ ಕೊರತೆಯಿಲ್ಲ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ವೇಗ 60ರಿಂದ 120 ಕಿ.ಮೀ.ಗೆ ಏರಿದರೆ ಬ್ರೇಕು ಅರಗಿಸಿಕೊಳ್ಳಬೇಕಾದ ಶಕ್ತಿ ನಾಲ್ಕು ಪಟ್ಟಾಗುವುದರಿಂದ, ಕೆಲವೇ ಸುತ್ತುಗಳಲ್ಲಿ ಹಳೆಯ ಆಯಿಲ್ ಕುದಿದು ಆವಿಯಾಗಿ, ಒತ್ತಿದ ಪೆಡಲು ಹಿಡಿತವಿಲ್ಲದೆ ಒಳಗೆ ಹೋಗಬಹುದು. ಟ್ರ್ಯಾಕಿಗೆ ಹೊರಡುವ ವಾರದಲ್ಲೇ ಅದನ್ನು ಬದಲಿಸಿ, ಬ್ರೇಕಿನ ಕೊಳವೆಗಳಲ್ಲಿ ಸೇರಿಕೊಂಡ ಗಾಳಿ ತೆಗೆಸಬೇಕು.

ಟ್ರ್ಯಾಕಿಗೆ ಇಳಿದ ಮೇಲೆ ಮೊದಲ ದಿನ ಗಡಿಯಾರ ಬೇಡ. ಸಾಧ್ಯವಾದರೆ ಸುತ್ತನ್ನು ನಡೆದೇ ನೋಡಿ, ಎಲ್ಲಿ ಬ್ರೇಕು ಹಿಡಿಯಬೇಕು, ತಪ್ಪಿದರೆ ವಾಹನ ಎತ್ತ ಹೋಗುತ್ತದೆ ಎಂಬುದನ್ನು ಪ್ರತಿ ತಿರುವಿಗೂ ಗುರುತು ಮಾಡಿಕೊಳ್ಳಬೇಕು. ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಬ್ರೇಕು, ಅದೇ ಸಾಲಿನಲ್ಲಿ, ಅಂದರೆ ಟ್ರ್ಯಾಕಿನ ಮೇಲೆ ಅದೇ ಜಾಡಿನಲ್ಲಿ, ತಿರುವು ಸಾಧ್ಯವಾದ ಮೇಲಷ್ಟೇ, ಅದೂ ಆಯೋಜಕರು ಒಪ್ಪಿದರೆ, ಸಮಯ ಅಳೆಯಲಿ.

ನಿಲ್ಲಿಸುವ ನಿಯಮವನ್ನು ಹೊರಡುವ ಮುನ್ನವೇ ಗೊತ್ತು ಮಾಡಿಕೊಂಡಿರಬೇಕು, ಏಕೆಂದರೆ ಇನ್ನೊಂದೇ ಸುತ್ತು ಎನ್ನುವ ಹೊತ್ತಿಗೆ ಮನಸ್ಸು ಮಾತು ಕೇಳುವುದಿಲ್ಲ. ಒಂದೇ ತಿರುವಿನಲ್ಲಿ ಎರಡು ಸಲ ಸಾಲು ತಪ್ಪಿದರೆ, ಪೆಡಲು ಮೆತ್ತಗಾದರೆ, ಹನಿ ಬಿದ್ದರೆ, ನಿಧಾನವಾಗಿ ಪಿಟ್‌ಗೆ, ಅಂದರೆ ಟ್ರ್ಯಾಕಿನ ಪಕ್ಕ ವಾಹನ ನಿಲ್ಲಿಸುವ ಜಾಗಕ್ಕೆ, ಬರಬೇಕು. ನಿಲ್ಲಿಸಿದ ಕಾರಿಗೆ ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿನಲ್ಲಿಟ್ಟು ಚಕ್ರಕ್ಕೆ ಅಡೆ ಕೊಟ್ಟು, ಕಾದ ಬ್ರೇಕು ಪೂರ್ತಿ ತಣಿಯುವವರೆಗೆ ಕಾಯಬೇಕು.