ವಿದೇಶಕ್ಕೆ ಎಲೆಕ್ಟ್ರಿಕ್ ಗಾರ್ಡನ್ ಟ್ರ್ಯಾಕ್ಟರ್: ಸಾಗಿಸುವುದು ಹೇಗೆ, ಅಲ್ಲಿ ಚಾರ್ಜ್ ಮಾಡುವುದು ಹೇಗೆ?

ಅಮೆರಿಕದಲ್ಲಿ ಕೊಂಡ ಎಲೆಕ್ಟ್ರಿಕ್ ಗಾರ್ಡನ್ ಟ್ರ್ಯಾಕ್ಟರನ್ನು ಯುರೋಪಿಗೋ ಆಸ್ಟ್ರೇಲಿಯಾಕ್ಕೋ ಒಯ್ಯಬೇಕು ಅಂದಾಗ ಎಲ್ಲರೂ ಮೊದಲು ವಿಚಾರಿಸುವುದು ಹಡಗಿನ ಬಾಡಿಗೆ. ನಾನಾದರೆ ಮೊದಲು ಚಾರ್ಜರ್ ಮೇಲಿನ ಲೇಬಲ್ ಓದುತ್ತೇನೆ. ಟ್ರ್ಯಾಕ್ಟರ್ ಹೇಗೋ ಊರು ಸೇರುತ್ತದೆ. ಅಲ್ಲಿ ಓಡುತ್ತದೋ ಇಲ್ಲವೋ ಅನ್ನುವುದು ಆ ಲೇಬಲ್ ಮೇಲೆ ನಿಂತಿದೆ.

ಲೇಬಲ್ ಏನು ಹೇಳುತ್ತದೆ?

‘100–240 ವೋಲ್ಟ್, 50/60 ಹರ್ಟ್ಜ್’ ಎಂದಿದ್ದರೆ ಚಿಂತೆ ಬೇಡ. (ಹರ್ಟ್ಜ್ ಅಂದರೆ ಗೋಡೆಯ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಆಗುತ್ತದೆ ಎಂಬ ಲೆಕ್ಕ.) ಈಗಿನ ಎಷ್ಟೋ ಚಾರ್ಜರ್‌ಗಳು ಹೀಗೇ ಬರುತ್ತವೆ. ಹೋಗುವ ದೇಶದ ಪ್ಲಗ್ ಇರುವ ವೈರ್ ಹಾಕಿಕೊಂಡರೆ ಮುಗಿಯಿತು. ‘120 ವೋಲ್ಟ್, 60 ಹರ್ಟ್ಜ್’ ಎಂದಷ್ಟೇ ಇದ್ದರೆ ಸ್ವಲ್ಪ ಕೆಲಸವಿದೆ. ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ಸಿಗುವುದು ಬಹುಪಾಲು ಇದೇ. 1970ರ ಆಸುಪಾಸಿನಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ತಯಾರಿಸಿದ ಎಲೆಕ್-ಟ್ರ್ಯಾಕ್ ಟ್ರ್ಯಾಕ್ಟರ್‌ಗಳನ್ನು ಇವತ್ತಿಗೂ ಪ್ರೀತಿಯಿಂದ ಓಡಿಸುವವರಿದ್ದಾರೆ. ಅದರ ದೊಡ್ಡ ಮಾದರಿಗಳಲ್ಲಿ 6 ವೋಲ್ಟಿನ ಆರು ಬ್ಯಾಟರಿ, ಒಟ್ಟು 36 ವೋಲ್ಟ್.

ಟ್ರ್ಯಾಕ್ಟರಿನ ಮೋಟರಿಗೆ ದೇಶ ಬದಲಾದದ್ದು ಗೊತ್ತೇ ಆಗುವುದಿಲ್ಲ. ಅದು ಬ್ಯಾಟರಿಯ ಡಿಸಿ ಕರೆಂಟಿನಲ್ಲಿ ಓಡುವಂಥದ್ದು. ಗೋಡೆಯ ಸಾಕೆಟ್ ಜೊತೆ ವ್ಯವಹಾರ ಇರುವುದು ಚಾರ್ಜರ್‌ಗೆ ಮಾತ್ರ.

ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಸಾಲದು

ಅಮೆರಿಕದಲ್ಲಿ ಮನೆಯ ಕರೆಂಟ್ 120 ವೋಲ್ಟ್, 60 ಹರ್ಟ್ಜ್. ಯುರೋಪ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ 230 ವೋಲ್ಟ್, 50 ಹರ್ಟ್ಜ್. 120ರ ಚಾರ್ಜರನ್ನು ನೇರವಾಗಿ 230ಕ್ಕೆ ಸಿಕ್ಕಿಸಿದರೆ ಸುಟ್ಟು ಹೋಗುತ್ತದೆ, ಇದು ಎಲ್ಲರಿಗೂ ಗೊತ್ತು. ಹಾಗಾಗಿ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ತರುತ್ತಾರೆ. ಅದು ವೋಲ್ಟೇಜ್ ಇಳಿಸುತ್ತದೆ, ಹರ್ಟ್ಜನ್ನು ಮುಟ್ಟುವುದಿಲ್ಲ. ಜನ ಎಡವುವುದು ಇಲ್ಲೇ.

60 ಹರ್ಟ್ಜ್‌ಗೆಂದು ಮಾಡಿದ ಟ್ರಾನ್ಸ್‌ಫಾರ್ಮರಿಗೆ ಅದೇ 120 ವೋಲ್ಟನ್ನು 50 ಹರ್ಟ್ಜ್‌ನಲ್ಲಿ ಕೊಟ್ಟರೆ ಅದರ ಕಬ್ಬಿಣದ ಕೋರ್ ಮೇಲೆ ಶೇ 20ರಷ್ಟು ಹೆಚ್ಚು ಹೊರೆ ಬೀಳುತ್ತದೆ. ಗುಂಯ್ ಎನ್ನುವ ಸದ್ದು ಜಾಸ್ತಿಯಾಗುತ್ತದೆ, ಮೈ ಕಾಯುತ್ತದೆ. ಚಾರ್ಜರ್ ಒಳಗೆ ಟ್ರಾನ್ಸ್‌ಫಾರ್ಮರಿನ ಪಕ್ಕ ದಪ್ಪನೆಯ ಕೆಪಾಸಿಟರ್ ಇದ್ದರೆ ಅದು ಬಹುಶಃ ಫೆರೋರೆಸೊನೆಂಟ್ ಚಾರ್ಜರ್. ಹಳೆಯ ಗಾಲ್ಫ್ ಕಾರ್ಟ್‌ಗಳಲ್ಲೂ ಇದೇ ಬಗೆ ಬಳಕೆಯಲ್ಲಿತ್ತು. ಇದರ ಔಟ್‌ಪುಟ್ ಹರ್ಟ್ಜ್ ಜೊತೆಗೇ ಏರಿಳಿಯುತ್ತದೆ. 36 ವೋಲ್ಟಿನ ಲೆಡ್-ಆಸಿಡ್ ಸೆಟ್ ಪೂರ್ತಿ ತುಂಬಲು ಸುಮಾರು 44 ವೋಲ್ಟ್ ಬೇಕು. 60 ಹರ್ಟ್ಜ್‌ನಲ್ಲಿ 44 ಕೊಡುತ್ತಿದ್ದ ಚಾರ್ಜರ್ 50ರಲ್ಲಿ ಹತ್ತಿರ ಹತ್ತಿರ 37ಕ್ಕೆ ಇಳಿಯುತ್ತದೆ. ದೀಪ ಹತ್ತುತ್ತದೆ, ಸದ್ದೂ ಬರುತ್ತದೆ, ಬ್ಯಾಟರಿ ಮಾತ್ರ ತುಂಬುವುದಿಲ್ಲ. ಅರೆಬರೆ ತುಂಬಿದ ಲೆಡ್-ಆಸಿಡ್ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತಾ ಹೋಗುತ್ತದೆ. ಕೊನೆಗೆ ಬ್ಯಾಟರಿಯೇ ಸರಿಯಿಲ್ಲ ಎಂದು ಹೊಸದು ತರುತ್ತಾರೆ, ಅದೂ ಹಾಗೇ ಹಾಳಾಗುತ್ತದೆ.

ಹರ್ಟ್ಜ್ ಬದಲಿಸುವ ಕನ್ವರ್ಟರ್‌ಗಳೂ ಇವೆ. ಒಂದು ಚಾರ್ಜರಿಗಾಗಿ ಅದನ್ನು ಕೊಳ್ಳುವುದು ದುಬಾರಿ ದಾರಿ. ಹಳೆಯ ಚಾರ್ಜರನ್ನು ನೆನಪಿಗೆ ಬೇಕಾದರೆ ಟ್ರ್ಯಾಕ್ಟರಿನಲ್ಲೇ ಬಿಡಿ, ಆದರೆ ಅದರ ವೈರ್ ಬಿಚ್ಚಿಡಿ. ಹೋದ ದೇಶದಲ್ಲೇ 36 ವೋಲ್ಟ್ ಲೆಡ್-ಆಸಿಡ್‌ಗೆ ಹೊಂದುವ, ಅಲ್ಲಿನ ಸುರಕ್ಷತಾ ಗುರುತಿರುವ ಸ್ವಿಚ್-ಮೋಡ್ ಚಾರ್ಜರ್ (ಭಾರದ ಟ್ರಾನ್ಸ್‌ಫಾರ್ಮರ್ ಬದಲು ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇರುವುದು) ಕೊಳ್ಳಿ. 220 ಆಂಪ್-ಅವರ್ ಬ್ಯಾಟರಿಗಳಿಗೆ 20ರಿಂದ 25 ಆಂಪ್ ಚಾರ್ಜರ್ ಸರಿಯಾಗುತ್ತದೆ. 230 ವೋಲ್ಟಿನಲ್ಲಿ ಅದು ಎಳೆಯುವುದು ಸುಮಾರು 5 ಆಂಪ್. ಮನೆಯ ಮಾಮೂಲಿ ಸಾಕೆಟ್ಟೇ ಸಾಕು.

ಜಪಾನಿಗೆ ಹೋಗುವವರಿಗೆ ಒಂದು ಮಾತು. ಅಲ್ಲಿ ಎಲ್ಲೆಡೆ 100 ವೋಲ್ಟ್, ಆದರೆ ಟೋಕಿಯೊ ಇರುವ ಪೂರ್ವ ಭಾಗ 50 ಹರ್ಟ್ಜ್, ಒಸಾಕಾ ಇರುವ ಪಶ್ಚಿಮ ಭಾಗ 60. ದೇಶದ ಹೆಸರು ಗೊತ್ತಿದ್ದರೆ ಸಾಲದು, ಊರೂ ಗೊತ್ತಿರಬೇಕು.

ಬ್ಯಾಟರಿ ಒಯ್ಯಬೇಕಾ?

ಲೆಡ್-ಆಸಿಡ್ ಆದರೆ ಬೇಡ ಎನ್ನುವುದೇ ನನ್ನ ಸಲಹೆ. ಒಂದೊಂದು ಬ್ಯಾಟರಿ 28–30 ಕೆಜಿ ತೂಗುತ್ತದೆ. ಆಸಿಡ್ ತುಂಬಿದ ಬ್ಯಾಟರಿ ಹಡಗಿನ ನಿಯಮದಲ್ಲಿ ಅಪಾಯಕಾರಿ ಸರಕು, ಅಂಥ ಸರಕುಗಳ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಅದರ ಸಂಖ್ಯೆ ಯುಎನ್ 2794. ಜೊತೆಗೆ ವಾರಗಟ್ಟಲೆ ಬಿಸಿ ಕಂಟೇನರಿನಲ್ಲಿ ಸುಮ್ನೆ ಕೂತರೆ ಚಾರ್ಜ್ ತಾನಾಗಿಯೇ ಇಳಿಯುತ್ತದೆ. ಅಮೆರಿಕದಲ್ಲೇ ಮಾರಿ ಅಥವಾ ಮರುಬಳಕೆಗೆ ಕೊಟ್ಟು, ಅಲ್ಲಿ ಹೊಸ ಸೆಟ್ ತೆಗೆದುಕೊಳ್ಳಿ. ಇಂಥ 6 ವೋಲ್ಟಿನ ಗಾಲ್ಫ್ ಕಾರ್ಟ್ ಬ್ಯಾಟರಿಗಳು ಬೇರೆ ದೇಶಗಳಲ್ಲೂ ಸಿಗುತ್ತವೆ.

ಲಿಥಿಯಂ ಬ್ಯಾಟರಿ ದುಬಾರಿ, ಹಾಗಾಗಿ ಜೊತೆಗೇ ಹೋಗಬಹುದು. ಆಗ ತಯಾರಕರಿಂದ ಯುಎನ್ 38.3 ಎಂಬ ಸಾಗಣೆ ಸುರಕ್ಷತಾ ಪರೀಕ್ಷೆಯ ಸಾರಾಂಶ ಪಡೆಯಿರಿ. ಅದಿಲ್ಲದೆ ಶಿಪ್ಪಿಂಗ್ ಕಂಪನಿ ಬುಕಿಂಗ್ ಒಪ್ಪುವುದು ಕಷ್ಟ. ಲಿಥಿಯಂ-ಅಯಾನ್ ಬ್ಯಾಟರಿಯ ವಾಹನಗಳಿಗೆ ಈಗ ಯುಎನ್ 3556 ಎಂಬ ಬೇರೆಯೇ ಸಂಖ್ಯೆ ಇದೆ. ಬ್ಯಾಟರಿ ಇದೆ ಎಂಬುದನ್ನು ದಯವಿಟ್ಟು ಮುಚ್ಚಿಡಬೇಡಿ. ಹಡಗಿನಲ್ಲಿ ಬೆಂಕಿ ಬಿದ್ದರೆ ಅಲ್ಲಿರುವವರು ಓಡಿಹೋಗಲು ಜಾಗವಿಲ್ಲ.

ಬ್ಯಾಟರಿ ಬಿಚ್ಚುವ ಮೊದಲು ಎಲ್ಲ ಸಂಪರ್ಕಗಳ ಫೋಟೊ ತೆಗೆಯಿರಿ, ವೈರ್‌ಗಳಿಗೆ ಚೀಟಿ ಕಟ್ಟಿ. ಉಂಗುರ, ಗಡಿಯಾರ ತೆಗೆದಿಡಿ. ಮೊದಲು ಸೆಟ್ಟಿನ ಮುಖ್ಯ ನೆಗೆಟಿವ್ ಬಿಚ್ಚಬೇಕು.

ತೊಳೆಯುವುದು, ಕಟ್ಟುವುದು

ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಬಳಸಿದ ಯಂತ್ರದ ಮೇಲೆ ಮಣ್ಣು, ಬೀಜ, ಒಣಹುಲ್ಲು ಕಂಡರೆ ತಡೆಹಿಡಿದು ತೊಳೆಸುತ್ತಾರೆ, ಖರ್ಚು ನಿಮ್ಮದೇ. ಕೆಲವೊಮ್ಮೆ ವಾಪಸ್ಸೂ ಕಳಿಸಬಹುದು. ಹುಲ್ಲು ಕತ್ತರಿಸುವ ಬ್ಲೇಡಿನ ಡೆಕ್ ಬಿಚ್ಚಿ ಅಡಿಭಾಗ ಕೆರೆಯಿರಿ. ಟೈರಿನ ಸಂದು, ಸೀಟಿನ ಅಡಿ, ಬ್ಯಾಟರಿ ಟ್ರೇ ಮರೆಯಬೇಡಿ. ಆಸ್ಟ್ರೇಲಿಯಾದಲ್ಲಿ 2003ರ ಕೊನೆಯಿಂದ ಆಸ್‌ಬೆಸ್ಟಾಸ್ ಆಮದಿಗೆ ನಿಷೇಧವಿದೆ. ಹಳೆಯ ಟ್ರ್ಯಾಕ್ಟರಿನ ಬ್ರೇಕ್ ಲೈನಿಂಗ್‌ನಲ್ಲಿ ಅದು ಇರಬಹುದು, ಹೊರಡುವ ಮೊದಲೇ ಪರೀಕ್ಷೆ ಮಾಡಿಸಿ. ಮರದ ಪೆಟ್ಟಿಗೆಯ ಮೇಲೆ ಐಎಸ್‌ಪಿಎಂ 15 ಮುದ್ರೆ (ಮರದಲ್ಲಿ ಕೀಟ ಇರದಂತೆ ಸಂಸ್ಕರಿಸಿದ ಗುರುತು) ಇರಲಿ.

ಕಸ್ಟಮ್ಸ್ ಕಾಗದದಲ್ಲಿ ಒಂದು ಸೂಕ್ಷ್ಮ ಇದೆ. ಕತ್ತರಿಸುವ ಡೆಕ್ ಶಾಶ್ವತವಾಗಿ ಕೂತಿದ್ದರೆ ಅದು ಹುಲ್ಲು ಕತ್ತರಿಸುವ ಯಂತ್ರ, ಸುಂಕದ ಪಟ್ಟಿಯಲ್ಲಿ ಶೀರ್ಷಿಕೆ 8433. ಡೆಕ್ ಬಿಚ್ಚಿ ಬೇರೆ ಉಪಕರಣ ಜೋಡಿಸುವಂತಿದ್ದರೆ ಟ್ರ್ಯಾಕ್ಟರ್, 8701. ಸುಂಕ ಬೇರೆಯಾಗಬಹುದು, ಏಜೆಂಟರಿಗೆ ಫೋಟೊ ಸಮೇತ ತಿಳಿಸಿ.

ಅಲ್ಲಿ ಮೊದಲ ಚಾರ್ಜ್

ಗಾಳಿಯಾಡುವ ಜಾಗ ಆರಿಸಿ. ಲೆಡ್-ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ, ಗಾಳಿಯಲ್ಲಿ ಶೇ 4 ಸೇರಿದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. ಅರ್ತಿಂಗ್ ಇರುವ ಸಾಕೆಟ್ ಬೇಕು. ಎಕ್ಸ್‌ಟೆನ್ಷನ್ ವೈರ್ ಬಳಸಿದರೆ ಸುತ್ತು ಪೂರ್ತಿ ಬಿಚ್ಚಿ, ಸುತ್ತಿಟ್ಟರೆ ಕಾಯುತ್ತದೆ. ಚಾರ್ಜ್ ಮುಗಿದ ಮೇಲೆ, ಆಸಿಡ್ ಎಷ್ಟು ಸಾಂದ್ರ ಎಂದು ಅಳೆಯುವ ಹೈಡ್ರೋಮೀಟರಿನಲ್ಲಿ, ಆರು ಬ್ಯಾಟರಿಗಳ ಒಟ್ಟು 18 ಸೆಲ್‌ಗಳನ್ನೂ ನೋಡಿ. ಎಲ್ಲವೂ 1.265ರ ಆಸುಪಾಸಿನಲ್ಲಿದ್ದರೆ ಚಾರ್ಜರ್ ಸರಿಯಾಗಿದೆ. ಎಲ್ಲವೂ ಒಟ್ಟಿಗೇ ಕಡಿಮೆ ಇದ್ದರೆ ಮೊದಲು ಚಾರ್ಜರಿನ ವೋಲ್ಟೇಜ್ ಅಳೆಯಿರಿ. ಒಂದೇ ಸೆಲ್ ಹಿಂದೆ ಬಿದ್ದಿದ್ದರೆ ಆ ಬ್ಯಾಟರಿಯನ್ನು ಅಂಗಡಿಗೆ ಮರಳಿಸಿ, ಗ್ಯಾರಂಟಿ ಅವಧಿ ಇನ್ನೂ ಶುರುವಿನಲ್ಲೇ ಇರುತ್ತದೆ.