ಪಿಟೋಗೆ ರೆಕ್ಸಿನ್ ಟೋಪಿ: ಕಣಜದ ಕಾಟ ತಪ್ಪಿಸಿದ ನನ್ನ ಅನುಭವ

ಹುಳ ಬಡಿದರೆ ವಿಮಾನ ಬೀಳುತ್ತಾ ಸಾರ್ ಅಂತ ಪ್ರತಿ ಬ್ಯಾಚ್‌ನಲ್ಲೂ ಒಬ್ಬನಾದರೂ ಕೆಡೆಟ್ ಕೇಳುತ್ತಾನೆ. ಬಡಿದರೆ ಗಾಜು ಗಲೀಜಾಗುತ್ತದೆ, ರೆಕ್ಕೆಯ ಮುಂದಿನ ಅಂಚು ಅಂಟಂಟಾಗುತ್ತದೆ. ನಮ್ಮ ಸಣ್ಣ ವಿಮಾನಗಳಿಗೆ ಸಾಮಾನ್ಯವಾಗಿ ಅಷ್ಟೇ. ನಿಜವಾದ ಕಾಟ ವಿಮಾನ ನಿಂತಾಗ ಬಂದು ಮನೆ ಮಾಡುವ ಹುಳದ್ದು, ಅದರಲ್ಲೂ ಮಣ್ಣಿನ ಗೂಡು ಕಟ್ಟುವ ಕಣಜದ ಹುಳದ್ದು. ಇದನ್ನು ನಮ್ಮ ಹ್ಯಾಂಗರ್‌ನಲ್ಲಿ ಹೇಳಿದಾಗೆಲ್ಲ ನಗುತ್ತಿದ್ದರು. ಈಗ ಎರಡು ಮಳೆಗಾಲ ಕಳೆದಿವೆ, ನಮ್ಮ ಸೆಸ್ನಾ ವಿಮಾನಗಳ ಪಿಟೋದಲ್ಲಿ, ಅಂದರೆ ಎದುರು ಗಾಳಿಯ ಒತ್ತಡದಿಂದ ಸ್ಪೀಡ್ ತೋರಿಸಲು ಇರುವ ಸಣ್ಣ ಕೊಳವೆಯಲ್ಲಿ, ಚಿಟಿಕೆ ಮಣ್ಣೂ ಸಿಕ್ಕಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನ ಹತ್ತಿರದ ಒಂದು ಸಣ್ಣ ಫ್ಲೈಯಿಂಗ್ ಸ್ಕೂಲಿನಲ್ಲಿ ಮೇಂಟೆನೆನ್ಸ್ ಕೆಲಸದವನು. ಬೆಳಿಗ್ಗೆ ಚೆನ್ನಾಗಿ ಹಾರಿ ಬಂದ ಒಂದು ಸೆಸ್ನಾ 172, ಮಧ್ಯಾಹ್ನ ಟೇಕಾಫ್ ಓಟದಲ್ಲಿ ಸ್ಪೀಡ್ ಮುಳ್ಳನ್ನು ಎಬ್ಬಿಸಲೇ ಇಲ್ಲ. ಇನ್‌ಸ್ಟ್ರಕ್ಟರ್ ಥ್ರಾಟಲ್ ಎಳೆದು ವಾಪಸ್ ತಂದರು. ಪಿಟೋ ಬಿಚ್ಚಿದರೆ ಒಳಗೆ ಮಣ್ಣಿನ ಬಿರಡೆ. ಒಡೆದಾಗ ನಾಲ್ಕೈದು ಸಣ್ಣ ಹಸಿರು ಹುಳ ಉದುರಿದವು. ಮುಟ್ಟಿದರೆ ಇನ್ನೂ ಮೆತ್ತಗಿದ್ದವು. ಕಣಜ ಕುಟುಕಿ, ಜೋಮು ಹಿಡಿಸಿ, ಹುಟ್ಟುವ ಮರಿಗೆ ಊಟ ಅಂತ ತುಂಬಿಟ್ಟಿತ್ತು. ಲೀಕ್ ಚೆಕ್, ರದ್ದಾದ ಸಾರ್ಟಿ (ಒಂದೊಂದು ಹಾರಾಟ) ಎಲ್ಲ ಸೇರಿ ಹತ್ತಿರ ಹತ್ತಿರ 40 ಸಾವಿರಕ್ಕೆ ಕತ್ತರಿ ಬಿತ್ತು.

ನಮ್ಮವರು ಬಚಾವಾದರು. 1996ರ ಫೆಬ್ರುವರಿಯಲ್ಲಿ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಬಿರ್ಗೆನ್‌ಏರ್‌ನ ಬೋಯಿಂಗ್ 757 ಹೀಗೇ ಪಿಟೋ ಕಟ್ಟಿಕೊಂಡು ಸಮುದ್ರಕ್ಕೆ ಬಿತ್ತು, 189 ಜನ ಹೋದರು. ವಾರಗಟ್ಟಲೆ ಹಾರದೆ ನಿಂತಿದ್ದ ವಿಮಾನ ಅದು, ಕೆಲವು ದಿನ ಪಿಟೋಗೆ ಕವರ್ ಇರಲಿಲ್ಲ. ಕಣಜದ ಗೂಡೇ ಇರಬೇಕು ಅಂತ ತನಿಖೆಯವರ ಅನುಮಾನ. ಓಟದಲ್ಲೇ ಕ್ಯಾಪ್ಟನ್ ಕಡೆಯ ಮುಳ್ಳು ಕೆಲಸ ಮಾಡುತ್ತಿರಲಿಲ್ಲ, ಆದರೂ ಏರಿಸಿದರು. ವಾರಗಟ್ಟಲೆ ನಿಲ್ಲಲೇಬೇಕು ಅಂತೇನೂ ಇಲ್ಲ. 2013ರಲ್ಲಿ ಬ್ರಿಸ್ಬೇನ್‌ನಲ್ಲಿ ಇತಿಹಾದ್‌ನ ಎ330 ಎರಡು ಗಂಟೆ ನಿಂತಿದ್ದಕ್ಕೇ ಪಿಟೋದಲ್ಲಿ ಮಣ್ಣು ಸೇರಿ, ಹಾರಿದ ಮೇಲೆ ವಾಪಸ್ ಬರಬೇಕಾಯಿತು.

ಮೊದಲು ಏನೇನೋ ಮಾಡಿದೆ. ನುಸಿಗುಳಿಗೆಗಳನ್ನು ಬಟ್ಟೆಯಲ್ಲಿ ಕಟ್ಟಿ ಪಿಟೋ ಪಕ್ಕ ನೇತುಹಾಕಿದೆ. ಕಣಜ ಆ ಗಂಟಿನ ಮೇಲೇ ಕೂತು ದಣಿವಾರಿಸಿಕೊಂಡಿತು! ಬೇವಿನೆಣ್ಣೆ ಸವರಿದೆ, ರನ್‌ವೇ ದೂಳೆಲ್ಲ ಬಂದು ಅಂಟಿತು. ಥರ್ಮೋಕೋಲ್ ಬಿರಡೆ ಮಾಡಿದೆ. ತೆಗೆಯುವಾಗ ಕಾಳು ಒಳಗೇ ಮುರಿಯಿತು, ಮತ್ತೆ ಪಿಟೋ ಬಿಚ್ಚುವ ಕೆಲಸ. ಟೇಪ್ ಸುತ್ತಿಬಿಡಿ ಅಂದವರೂ ಇದ್ದರು. ಅದನ್ನು ಮಾತ್ರ ಮಾಡಲಿಲ್ಲ. ಅದೇ 1996ರ ಅಕ್ಟೋಬರ್‌ನಲ್ಲಿ, ತೊಳೆಯುವಾಗ ಸ್ಟಾಟಿಕ್ ಪೋರ್ಟ್‌ಗೆ (ಎತ್ತರ, ಸ್ಪೀಡ್ ತೋರಿಸಲು ಹೊರಗಿನ ಗಾಳಿಯ ಒತ್ತಡ ಹಿಡಿಯುವ ತೂತು) ಅಂಟಿಸಿದ ಟೇಪ್ ತೆಗೆಯದೆ ಹಾರಿದ ಏರೋಪೆರು 757ರಲ್ಲಿ 70 ಜನ ಸತ್ತರು. ಕಣಜಕ್ಕಿಂತ ಟೇಪ್‌ಗೆ ನಾನು ಜಾಸ್ತಿ ಹೆದರುತ್ತೇನೆ.

ಹೊರಗಿಂದ ತರಿಸುವ ಕವರ್ ಒಂದಕ್ಕೆ ಕೊರಿಯರ್ ಸೇರಿ 4 ಸಾವಿರದ ಮೇಲೆ. ಒಂದನ್ನು ತರಿಸಿದೆವು, ಬಾಯಿ ಸಡಿಲ. ಕಣಜ ಕವರ್ ಒಳಗೇ ನುಗ್ಗಿ ಕಟ್ಟಿತು. ಕೊನೆಗೆ ಆಟೋ ಸೀಟ್ ಹೊಲಿಯುವ ಅಂಗಡಿಗೆ ಹೋದೆ. ಅಳತೆ ಕೊಟ್ಟಾಗ ಅವನು, “ಇದೇನ್ ಸಾರ್, ಆನೆಮರಿ ಸೊಂಡಿಲಿಗಾ?” ಅಂದ. ಕೆಂಪು ರೆಕ್ಸಿನ್, ಒಳಗೆ ಕ್ಯಾನ್ವಾಸ್, ಬಾಯಿಗೆ ಎಲಾಸ್ಟಿಕ್. ಒಂದಕ್ಕೆ 150 ರೂಪಾಯಿ. ಬಾಯಿಯ ಹತ್ತಿರ ಒಳಗಡೆ ಒಂದು ಮಡಿಕೆ ಹಾಕಿಸಿದ್ದೇನೆ, ಎಲ್ಲ ಮಜಾ ಇರುವುದು ಅದರಲ್ಲೇ. ಅದನ್ನು ಇಲ್ಲಿ ಹೇಳಲ್ಲ, ಹ್ಯಾಂಗರ್‌ಗೆ ಬಂದರೆ ಕೈಗೇ ಕೊಟ್ಟು ತೋರಿಸುತ್ತೇನೆ.

ಚೀಫ್ ಇನ್‌ಸ್ಟ್ರಕ್ಟರ್ ನೋಡಿ, “ಏನ್ರೀ, ವಿಮಾನಕ್ಕೆ ಕುಲಾವಿ ಹೊಲಿಸಿದೀರಾ? ನಾಳೆ ಯಾರೋ ಮರೆತು ಹಾಕ್ಕೊಂಡೇ ಹಾರ್ತಾರೆ” ಅಂದರು. ಅವರ ಮಾತಲ್ಲಿ ಹುರುಳಿತ್ತು. 2018ರಲ್ಲಿ ಅದೇ ಬ್ರಿಸ್ಬೇನ್‌ನಿಂದ ಮಲೇಷ್ಯಾ ಏರ್‌ಲೈನ್ಸ್ ಎ330 ಕಣಜಕ್ಕೆಂದು ಹಾಕಿದ್ದ ಕವರ್ ಸಮೇತ ಏರಿತ್ತು. ಅದಕ್ಕೆ ನಾನು ಮಾಡಿದ್ದು ಇಷ್ಟು: ಕವರ್ ಹಾಕಿದರೆ ಆ ವಿಮಾನದ ಕೀ ಕವರ್‌ನ ಪಟ್ಟಿಯ ಕೊಂಡಿಯಲ್ಲೇ ನೇತಾಡಬೇಕು. ಕವರ್ ಹತ್ತಿರ ಹೋಗದೆ ಕೀ ಸಿಗಲ್ಲ. ಕೀ ತೆಗೆದುಕೊಂಡು ಹೊರಟವನ ಕೈಯಲ್ಲಿ ಕವರ್ರೂ ಬಂದಿರಬೇಕು. ಚೀಫ್ ಸಾಹೇಬರು ಆಮೇಲೆ ಮಾತಾಡಲಿಲ್ಲ.

ಎಂಜಿನ್ ನಿಂತ ಐದು ನಿಮಿಷದೊಳಗೆ ಕವರ್ ಬೀಳಬೇಕು, ಸಾರ್ಟಿಗಳ ನಡುವೆ ಚಹಾ ಕುಡಿಯುವಷ್ಟು ಹೊತ್ತಿದ್ದರೂ ಸರಿ. ಪಿಟೋ ಹೀಟ್ (ಕೊಳವೆಯನ್ನು ಬಿಸಿ ಮಾಡುವ ಹೀಟರ್) ಹಾಕಿದ್ದರೆ ಮಾತ್ರ ಮೊದಲು ಆರಲಿ, ಇಲ್ಲದಿದ್ದರೆ ರೆಕ್ಸಿನ್ ಕರಗಿ ಹಿಡಿದುಕೊಳ್ಳುತ್ತದೆ.

ನಡುವೆ ಸುಮ್ನೆ ಒಂದು ಆಟ ಆಡಿದೆ. ಫ್ರಿಜ್ ರಿಪೇರಿಯವನ ಹತ್ತಿರ ಬೇರೆಬೇರೆ ದಪ್ಪದ ತಾಮ್ರದ ಪೈಪ್ ತುಂಡು ತಂದು, ಹ್ಯಾಂಗರ್ ಗೋಡೆಗೂ ಹೊರಗೆ ಹುಲ್ಲಿನ ಕಡೆಯ ಕಂಬಕ್ಕೂ ಕಟ್ಟಿದೆ. 2 ಮಿಲಿಮೀಟರ್ ತೂತಿಗೆ ಒಂದೂ ಬರಲಿಲ್ಲ. 5, 6ರ ತೂತುಗಳು ತುಂಬಿದವು, ಅದೂ ಹುಲ್ಲಿನ ಕಡೆಯವು ಬೇಗ. ಬ್ರಿಸ್ಬೇನ್‌ನಲ್ಲಿ 3ಡಿ ಪ್ರಿಂಟ್ ಮಾಡಿದ ನಕಲಿ ಪಿಟೋ ಇಟ್ಟು ಪರೀಕ್ಷೆ ಮಾಡಿದವರಿಗೂ 3 ಮಿಲಿಮೀಟರ್‌ಗಿಂತ ದೊಡ್ಡ ಬಾಯಲ್ಲೇ ಗೂಡು ಸಿಕ್ಕಿದ್ದು. ಅವರ ಖರ್ಚು ಎಷ್ಟೋ, ನನ್ನದು ಇನ್ನೂರು ರೂಪಾಯಿ ಚಿಲ್ಲರೆ.

ಹಾರುವಾಗ ಬಡಿಯುವ ಹುಳದ ಬಗ್ಗೆಯೂ ಎರಡು ಮಾತು. ಮೊದಲ ಮಳೆ ಬಿದ್ದ ಸಂಜೆ ಈಸಲು ಎದ್ದಾಗ ಇಳಿದರೆ, ಬಿಸಿಲಿಗೆದುರಾಗಿ ಗಾಜಿನಲ್ಲಿ ಏನೂ ಕಾಣಲ್ಲ. ಉಜ್ಜಬೇಡಿ, ಅಕ್ರಿಲಿಕ್‌ಗೆ ಗೀರು ಬೀಳುತ್ತದೆ. ಒದ್ದೆ ಬಟ್ಟೆ ಹತ್ತು ನಿಮಿಷ ಹೊದಿಸಿ, ತಾನಾಗೇ ಬಿಡುತ್ತದೆ. ಮಿಡತೆಯ ಹಿಂಡಿನ ಕತೆ ಬೇರೆ. 2020ರ ಜನವರಿಯಲ್ಲಿ ಇಥಿಯೋಪಿಯನ್‌ನ 737 ಒಂದು ಡಿರೆ ದಾವಾದಲ್ಲಿ ಹಿಂಡಿಗೆ ಸಿಕ್ಕಿ, ಇಳಿಯಲಾಗದೆ ಅಡಿಸ್ ಅಬಾಬಾಗೆ ಹೋಯಿತು. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೂಡ ಮಿಡತೆ ಹಿಂಡಿನ ಬಗ್ಗೆ ಪೈಲಟ್‌ಗಳನ್ನು ಎಚ್ಚರಿಸಿತು. ವೈಪರ್ ಹಾಕಿದರೆ ಗಾಜು ಇನ್ನೂ ರಾಡಿಯಾಗಬಹುದು ಅಂತಲೂ ಅದರಲ್ಲಿತ್ತು.

ಈಗ ಪಕ್ಕದ ಹ್ಯಾಂಗರ್‌ನವರೂ ಕವರ್ ಕೇಳುತ್ತಿದ್ದಾರೆ. ಅವರಿಗೆ 250, ಮಡಿಕೆಯ ಚಾರ್ಜ್ ಸೇರಿ. ಫ್ಯೂಯಲ್ ವೆಂಟ್‌ಗೂ (ಪೆಟ್ರೋಲ್ ಟ್ಯಾಂಕಿನ ಗಾಳಿಕಿಂಡಿ) ರೆಕ್ಸಿನ್ ಹೊಲಿಸಿಕೊಡಿ ಅಂದರು, ಆಗಲ್ಲ ಅಂದೆ. ಬಿಸಿಲಿಗೆ ಪೆಟ್ರೋಲ್ ಹಿಗ್ಗಿದಾಗ ಅದು ಉಸಿರಾಡಬೇಕಲ್ವಾ? ಅದಕ್ಕೆ ಸೊಳ್ಳೆಪರದೆ ಬಟ್ಟೆಯ ಚೀಲ ಹೊಲಿಸಿದ್ದೇನೆ. ಕೆಂಪು ಪಟ್ಟಿ, ಕೀ ಕೊಂಡಿ ಅದಕ್ಕೂ ಇದೆ.